ಆಳು ಕಾಗದ ಬದಲಿಸಿದ್ದು ಯಾಕೆ

ಆ ವರ್ಷ ರಾಜ್ಯೋತ್ಸವದ ನಾಟಕವನ್ನು ನನ್ನ ತಲೆಗೆ ಕಟ್ಟಿದ್ದಕ್ಕೆ ಇದ್ದ ಕಾರಣ ಒಂದೇ: ನಾನು ಜ್ಞಾನಭಾರತಿಯಲ್ಲಿ ಕನ್ನಡ ಎಂ.ಎ. ಮಾಡಿದ್ದೆ. ಎಂ.ಎ. ತರಗತಿಯಲ್ಲಿ ನಾವು ನಾಟಕಗಳನ್ನು ಓದಿದ್ದೆವೇ ಹೊರತು ಒಂದನ್ನೂ ಆಡಿರಲಿಲ್ಲ. ಅದನ್ನು ಹೇಳಿದರೆ ಕಚೇರಿಯ ಕನ್ನಡ ಸಂಘದ ಕಾರ್ಯದರ್ಶಿ ನಕ್ಕು, "ನಮಗೆ ಓದೋದೂ ಬರಲ್ವಲ್ಲ ಮೇಡಂ," ಎಂದು ಮಸುಕಾದ ಸೈಕ್ಲೋಸ್ಟೈಲ್ ಪ್ರತಿಯೊಂದನ್ನು ನನ್ನ ಮೇಜಿನ ಮೇಲಿಟ್ಟು ಹೊರಟುಹೋದರು.

ಎಂಬತ್ತರ ದಶಕದ ನಡುವಿನ ಮಾತು. ನಾನು ಆಗ ರಾಜಾಜಿನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಮನೆ ವಿಜಯನಗರದಲ್ಲಿ. ನನ್ನ ಕೈಕೆಳಗೆ ಒಂಬತ್ತು ಜನ ಗುಮಾಸ್ತರು, ಇಬ್ಬರು ಟೈಪಿಸ್ಟರು, ಒಬ್ಬ ಅಟೆಂಡರ್. ಆ ಕುರ್ಚಿಯಲ್ಲಿ ಹೆಂಗಸೊಬ್ಬಳು ಕೂತದ್ದು ಅದೇ ಮೊದಲು. ಯಾರೂ ಹಗುರವಾಗಿ ಕಾಣಬಾರದೆಂದು ನಾನು ಎಲ್ಲದಕ್ಕೂ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ಗದರುತ್ತಿದ್ದೆ.

ನಾಟಕ ಹಳೆಯದು. ಕಂಪನಿಗಳ ಕಾಲದಿಂದ ಊರೂರಲ್ಲಿ ಆಡಿಕೊಂಡು ಬಂದ ಹಾಸ್ಯ ನಾಟಕ. ಬರೆದವರ ಹೆಸರಿದ್ದ ಹಾಳೆ ಯಾವ ಕಾಲದಲ್ಲೋ ಹರಿದುಹೋಗಿತ್ತು. ಕಥೆ ಸರಳ. ಒಬ್ಬ ಧಣಿ, ಅವನಿಗೆ ಒಬ್ಬಳೇ ಮಗಳು. ಮಗಳಿಗೆ ಬಡ ಡ್ರಾಯಿಂಗ್ ಮೇಷ್ಟರ ಮೇಲೆ ಮನಸ್ಸು. ಅಪ್ಪನಿಗೆ ರೇಷ್ಮೆ ವ್ಯಾಪಾರಿಯ ಮಗನ ಮೇಲೆ ಕಣ್ಣು. ಶುಕ್ರವಾರ ಹೆಣ್ಣು ನೋಡಲು ತಪ್ಪದೆ ಬನ್ನಿ ಎಂದು ಅಪ್ಪ ವ್ಯಾಪಾರಿಗೆ ಕಾಗದ ಬರೆಯುತ್ತಾನೆ. ಶುಕ್ರವಾರ ಈ ಕಡೆ ತಲೆ ಹಾಕಬೇಡಿ ಎಂದು ಮಗಳು ಮೇಷ್ಟರಿಗೆ ಕಾಗದ ಬರೆಯುತ್ತಾಳೆ. ಎರಡೂ ಕಾಗದಗಳು ಮನೆಯ ಮುದಿ ಆಳಿನ ಕೈಗೆ ಬರುತ್ತವೆ. ಅವನು ಅದನ್ನು ಇವರಿಗೆ, ಇದನ್ನು ಅವರಿಗೆ ಕೊಟ್ಟುಬಿಡುತ್ತಾನೆ. ವ್ಯಾಪಾರಿ ಸಿಟ್ಟಾಗಿ ಬರುವುದೇ ಇಲ್ಲ. ಮೇಷ್ಟರು ಕೋಟು ಪೇಟ ಸಾಲ ತಂದು ಠೀವಿಯಿಂದ ಬಂದು ಕೂರುತ್ತಾರೆ. ಗಲಾಟೆ, ಅಳು, ನಗು. ಕೊನೆಗೆ ಮೇಷ್ಟರೇ ಅಳಿಯ. ಧಣಿ ಆಳಿನ ಕಿವಿ ಹಿಂಡುತ್ತಾನೆ, ಆಳು ಹಲ್ಲು ಕಿರಿಯುತ್ತಾನೆ, ಪರದೆ.

ಆಳಿಗೆ ಓದು ಬರುವುದಿಲ್ಲ, ಅದಕ್ಕೇ ಕಾಗದ ಅದಲುಬದಲಾಯಿತು. ಎಲ್ಲರೂ ಹಾಗೇ ತಿಳಿದಿದ್ದರು. ನಾನೂ.

ಪಾತ್ರ ಹಂಚುವ ದಿನ ಆಳಿನ ಪಾತ್ರ ಯಾರಿಗೂ ಬೇಡವಾಗಿತ್ತು. ಗುಮಾಸ್ತರಿಗೆಲ್ಲ ಮೇಷ್ಟರಾಗಬೇಕು, ಇಲ್ಲವೇ ಧಣಿಯಾಗಬೇಕು. "ಪಂಚೆ ಮೊಣಕಾಲ ಮೇಲಕ್ಕೆ ಕಟ್ಕೊಂಡು ನಾನು ಸ್ಟೇಜ್ ಮೇಲೆ ಬಂದ್ರೆ ನಮ್ಮ ಮಾವನ ಮನೆಯವರು ಏನಂದ್ಕೊತಾರೆ ಮೇಡಂ?" ಎಂದು ಒಬ್ಬರು ಕೇಳಿದರು. ಅಷ್ಟರಲ್ಲಿ ಅಟೆಂಡರ್ ಕಾಫಿ ತಂದ. ಒಂದೇ ತಟ್ಟೆಯಲ್ಲಿ ಹನ್ನೆರಡು ಲೋಟ, ಕಣ್ಣು ಕಿಟಕಿಯಾಚೆ. ಒಂದು ಹನಿಯೂ ಚೆಲ್ಲಲಿಲ್ಲ. "ನೀನೇ ಮಾಡಪ್ಪ," ಎಂದೆ. ಎಲ್ಲರೂ ನಕ್ಕರು. ಆತ ನಗಲಿಲ್ಲ. "ಮಾತು ಎಷ್ಟಿದೆ ಮೇಡಂ?" ಎಂದು ಕೇಳಿದ.

ಆತ ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಹಳೇ ಕೆಂಗೇರಿಯಿಂದ ದಿನಾ ಎರಡು ಬಸ್ಸು ಹಿಡಿದು ಬರುತ್ತಿದ್ದ. ನನ್ನ ಹಿಂದಿನವರೆಲ್ಲ ಆತನನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದರು. ಕುರ್ಚಿಯ ಜೊತೆಗೆ ಆ 'ನೀನು' ಕೂಡ ನನ್ನ ಪಾಲಿಗೆ ಬಂದಿತ್ತು.

ಕಚೇರಿ ಮುಗಿದ ಮೇಲೆ ಊಟದ ಕೋಣೆಯ ಮೇಜುಗಳನ್ನು ಗೋಡೆಗೆ ಸರಿಸಿ ತಾಲೀಮು ಶುರು ಮಾಡಿದೆವು. ಮೂರನೆಯ ದಿನಕ್ಕೇ ಆತ ತನ್ನ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಧಣಿಯ ಪಾತ್ರದ ಗುಮಾಸ್ತರು ಇನ್ನೂ ಮೊದಲ ಪುಟವನ್ನೇ ದಾಟಿರಲಿಲ್ಲ. ನನಗೆ ಖುಷಿಯಾಯಿತು. ಆ ಖುಷಿ ಹತ್ತು ನಿಮಿಷ ಇತ್ತು.

"ಮೇಡಂ, ಇವನಿಗೆ ಓದೋಕೆ ಬರುತ್ತೆ," ಎಂದ.

"ಯಾರಿಗೆ?"

"ಆಳಿಗೆ. ಮೊದಲ್ನೇ ಅಂಕದಲ್ಲಿ ಬೋಂಡ ಕಟ್ಟಿದ್ದ ಪೇಪರ್ ಬಿಚ್ಚಿ ವರ ಬೇಕಾಗಿದ್ದಾನೆ ಅನ್ನೋ ಜಾಹೀರಾತು ಓದಿ ಹೇಳ್ತಾನಲ್ಲ. ಜನ ನಗ್ತಾರಲ್ಲ ಅಲ್ಲಿ. ಓದೋಕೆ ಬರೋನು ಕಾಗದದ ಮೇಲಿನ ಹೆಸರು ಹೆಂಗೆ ತಪ್ಪು ಓದ್ತಾನೆ?"

ನಾನು ಪುಟ ತಿರುಗಿಸಿ ನೋಡಿದೆ. ನಿಜ. ಎಂ.ಎ. ಓದಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅದೇ ಕೋಪಕ್ಕೆ, "ಬರೆದವರು ಮರೆತಿರ್ಬೇಕು. ಹಾಸ್ಯ ನಾಟಕದಲ್ಲಿ ಇಷ್ಟೆಲ್ಲ ನೋಡಬಾರ್ದು. ಮುಂದಕ್ಕೆ ನಡಿ," ಎಂದೆ.

"ಬರೆದವರು ಮರೆತಿರ್ಬಹುದು ಮೇಡಂ. ಆಳು ಮರೆತಿರಲ್ಲ."

ಅಲ್ಲಿಂದ ಶುರುವಾಯಿತು ನನ್ನ ಗೋಳು. ಆಳು ಬೇಕೆಂದೇ ಕಾಗದ ಬದಲಿಸಿದ್ದಾನೆ ಎಂಬುದು ಆತನ ಪಾಲಿಗೆ ಇತ್ಯರ್ಥವಾಗಿಹೋಯಿತು. ಇನ್ನು ಉಳಿದದ್ದು ಯಾಕೆ ಎಂಬ ಪ್ರಶ್ನೆ. ಆ ಯಾಕೆಯನ್ನು ಆತ ನನ್ನ ಬೆನ್ನಿಗೆ ಕಟ್ಟಿದ. ಬೆಳಿಗ್ಗೆ ಹಾಜರಿ ಪುಸ್ತಕ ತಂದಿಡುವಾಗ, ಟಪಾಲಿಗೆ ಮೊಹರು ಒತ್ತುವಾಗ, ನಾನು ಊಟದ ಡಬ್ಬಿ ಮುಚ್ಚಳ ತೆಗೆಯುವಾಗ ಎದುರಿಗೆ ಬಂದು ನಿಲ್ಲುತ್ತಿದ್ದ.

ಮೊದಲು ಬಂದ ಉತ್ತರ ನನಗೂ ಹಿಡಿಸಿತ್ತು. ಮಗಳನ್ನು ಆಳು ಎತ್ತಿ ಆಡಿಸಿದ್ದಾನೆ, ಅವಳಿಗೆ ಒಳ್ಳೆಯದಾಗಲಿ ಎಂದು ಹೀಗೆ ಮಾಡಿದ. "ಸರಿ, ಅದನ್ನೇ ಇಟ್ಕೋ," ಎಂದೆ. ಮರುದಿನ ಆತನೇ ಅದನ್ನು ಹೊಡೆದುಹಾಕಿದ. ನಾಲ್ಕನೆಯ ಅಂಕದಲ್ಲಿ ಮಗಳು ಬಿಕ್ಕಿಬಿಕ್ಕಿ ಅಳುತ್ತಾಳೆ, ಆಳು ಅಲ್ಲೇ ಕಂಬ ಒರೆಸಿಕೊಂಡು ನಿಂತಿರುತ್ತಾನೆ. "ಅವಳ ಮೇಲೆ ಪ್ರೀತಿ ಇದ್ದಿದ್ರೆ ಒಂದ್ಮಾತು ಹೇಳ್ತಿರ್ಲಿಲ್ವಾ ಮೇಡಂ, ಅಳ್ಬೇಡಮ್ಮ, ಎಲ್ಲ ಸರಿಹೋಗುತ್ತೆ ಅಂತ? ಸುಮ್ನೆ ಅಳೋಕೆ ಬಿಡ್ತಾನೆ."

ಹಾಗಾದರೆ ಧಣಿ ಮೊದಲ ಅಂಕದಲ್ಲಿ ಕಪಾಳಕ್ಕೆ ಹೊಡೆದದ್ದಕ್ಕೆ ಸೇಡು ಎಂದೆ, ಈ ಪ್ರಶ್ನೆಗಳ ಪೀಡೆ ತೊಲಗಲಿ ಎಂದು. ಆತ ಒಂದು ರಾತ್ರಿ ಯೋಚಿಸಿ ಬಂದು ತಲೆಯಾಡಿಸಿದ. "ಇಲ್ಲ ಮೇಡಂ. ಹೊಡೆತ ಅವನಿಗೆ ಅಭ್ಯಾಸ. ಹೊಡ್ಸ್ಕೊಂಡ ತಕ್ಷಣ ಎಲೆಅಡಿಕೆ ತಟ್ಟೆ ತಂದಿಡ್ತಾನೆ. ಕೈ ನಡುಗಲ್ಲ."

ಈ ನಡುವೆ ಕಚೇರಿಯಲ್ಲಿ ಎಡವಟ್ಟುಗಳು ಹೆಚ್ಚಾದವು. ವಿಜಯನಗರದ ಕಡತ ಬಸವೇಶ್ವರನಗರದ ರಟ್ಟಿನೊಳಗೆ, ಬಸವೇಶ್ವರನಗರದ್ದು ವಿಜಯನಗರದ ರಟ್ಟಿನೊಳಗೆ ಸಿಕ್ಕಿತು. ಮೇಲಿನ ಕಚೇರಿಯಿಂದ ಬಂದ ಇನ್‌ಸ್ಪೆಕ್ಷನ್ ಅಧಿಕಾರಿಯನ್ನು "ಮೇಡಂ ಕೆಲಸದಲ್ಲಿದಾರೆ" ಎಂದು ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕೂರಿಸಲಾಗಿತ್ತು. ಒಂದು ತುರ್ತು ಟಪಾಲು ಮೂರು ದಿನ ಎಲ್ಲೋ ಮಲಗಿ ಎದ್ದು ಬಂತು. ನಾಟಕದ ದಿನದ ಮುಖ್ಯ ಅತಿಥಿಗಳಿಗೆ ಹೋಗಬೇಕಿದ್ದ ಆಹ್ವಾನ ಪತ್ರಿಕೆಯ ಮೇಲೆ ತಪ್ಪು ವಿಳಾಸ. ನನ್ನ ಬೀರುವಿನ ಕೀಲಿ ಕಾಣೆ. ಇದಕ್ಕೆಲ್ಲ ಕಾರಣ ಒಬ್ಬನೇ, ನಾಟಕದ ಹುಚ್ಚು ಹಿಡಿದ ಅಟೆಂಡರ್, ಎಂದು ನಾನು ತೀರ್ಮಾನಿಸಿದೆ. ಎಲ್ಲರ ಮುಂದೆಯೇ ಕೂಗಾಡಿದೆ. "ನಿನ್ನ ತಲೆ ಎಲ್ಲಿದೆ? ಕೆಲಸ ಮಾಡೋಕೆ ಬರ್ತೀಯೋ, ಬಣ್ಣ ಹಚ್ಚೋಕೆ ಬರ್ತೀಯೋ?" ಆತ ಕೈಕಟ್ಟಿ ನಿಂತು ಕೇಳಿಸಿಕೊಂಡ. ನಾನು ಮುಗಿಸಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದ.

"ಮೇಡಂ, ಒಂದು ವಿಷಯ..." ಎಂದ.

"ಸಾಯಂಕಾಲ. ತಾಲೀಮಲ್ಲಿ ಕೇಳು. ಈಗ ಆಳಿನ ವಿಷಯ ಎತ್ತಿದ್ರೆ ನಾನು ಎದ್ದು ಮನೆಗೆ ಹೋಗ್ತೀನಿ."

ಆತ ಹೋದ. ಆ ತಿಂಗಳಲ್ಲಿ ಹೀಗೆ ಎರಡೋ ಮೂರೋ ಸಲ ಆಗಿರಬೇಕು. ಪ್ರತಿ ಸಲವೂ ನಾನು ಸಾಯಂಕಾಲ ಎಂದೆ. ಸಾಯಂಕಾಲ ಆತ ಬರೀ ನಾಟಕದ ಆಳಿನ ಬಗ್ಗೆಯೇ ಕೇಳಿದ.

ಕೊನೆಯ ಭಾನುವಾರದ ತಾಲೀಮು ವಿಜಯನಗರದ ನಮ್ಮ ಮನೆಯಲ್ಲಿ. ನನ್ನ ಗಂಡ ಕುರ್ಚಿಗಳನ್ನೆಲ್ಲ ಒಳಗೆ ಸಾಗಿಸಿ, ಎಲ್ಲರಿಗೂ ಉಪ್ಪಿಟ್ಟು ಮಾಡಿ, ಅಡುಗೆಮನೆ ಬಾಗಿಲಿಗೆ ಒರಗಿ ನೋಡುತ್ತಾ ನಿಂತರು. ಎರಡನೆಯ ಅಂಕ ನಡೆದಿತ್ತು. ಅದರಲ್ಲೊಂದು ತಮಾಷೆ ಇದೆ. ಆಳು ಮೂರು ಸಲ "ಧಣಿ, ನನ್ನದೊಂದು ವಿಷಯ ಇತ್ತು..." ಎಂದು ಬಾಯಿ ತೆರೆಯುತ್ತಾನೆ. ಒಂದು ಸಲ ಧಣಿಗೆ ಸೀನು ಬರುತ್ತದೆ, ಇನ್ನೊಂದು ಸಲ ಒಳಗಿನಿಂದ ಧಣಿಯ ತಂಗಿ ಕೂಗುತ್ತಾಳೆ, ಮೂರನೆಯ ಸಲ ಅತಿಥಿಗಳು ಬಂದುಬಿಡುತ್ತಾರೆ. ಅತಿಥಿಗಳ ಮುಂದೆ ಧಣಿ ಆಳಿನ ಬೆನ್ನು ತಟ್ಟಿ, "ಇವನು ಈ ಮನೆಯಲ್ಲೇ ಮುದುಕನಾದವನು. ಒಂದು ದಿನವೂ ಒಂದನ್ನೂ ಕೇಳಿದವನಲ್ಲ!" ಎನ್ನುತ್ತಾನೆ. ಜನ ಬಿದ್ದುಬಿದ್ದು ನಗುವ ಜಾಗ. ನಮ್ಮವರೂ ನಕ್ಕರು. ಅಟೆಂಡರ್ ಮಾತ್ರ ಅಂಗೈಯನ್ನು ಎತ್ತಿ ಎಲ್ಲರನ್ನೂ ನಿಲ್ಲಿಸಿದ.

"ಆ ವಿಷಯ ಏನು ಮೇಡಂ?"

"ಯಾವ ವಿಷಯ?"

"ಇವನು ಮೂರು ಸಲ ಹೇಳೋಕೆ ಹೋದದ್ದು."

"ಯಾವ ವಿಷಯಾನೂ ಇಲ್ಲ ಮಾರಾಯ! ಅದು ತಮಾಷೆ. ಹೇಳೋಕೆ ಬಿಡಲ್ಲ, ಅಷ್ಟೇ ತಮಾಷೆ."

"ಹೇಳೋಕೆ ಬಿಡಲ್ಲ ಸರಿ. ಆದ್ರೆ ಹೇಳೋಕೆ ಬಂದವನ ಹತ್ರ ಏನೋ ಇರ್ಬೇಕಲ್ಲ. ಇಷ್ಟು ವರ್ಷ ಈ ನಾಟಕ ಆಡಿದಾರೆ, ಯಾರೂ ಕೇಳ್ಲೇ ಇಲ್ವಾ?"

ನನಗೆ ಸಾಕುಸಾಕಾಗಿ ಹೋಗಿತ್ತು. ಎರಡು ದಿನ ಉಳಿದಿದೆ, ಧಣಿಗೆ ಮಾತು ಬರುವುದಿಲ್ಲ, ಮಗಳ ಪಾತ್ರದ ಟೈಪಿಸ್ಟಿಗೆ ಗಂಟಲು ಕೆಟ್ಟಿದೆ, ಶಾಮಿಯಾನದವನು ಕೈಗೆ ಸಿಗುತ್ತಿಲ್ಲ. "ನೀನೇ ಏನಾದ್ರೂ ಅಂದ್ಕೋ ಹೋಗು," ಎಂದು ಪ್ರತಿಯನ್ನು ನೆಲಕ್ಕೆ ಎಸೆದೆ.

"ಅಂದ್ಕೊಂಡಿದೀನಿ ಮೇಡಂ," ಎಂದ ಆತ, ಬಗ್ಗಿ ಪ್ರತಿಯನ್ನು ಎತ್ತಿಕೊಡುತ್ತಾ. "ಅವನು ಸೇಡಿಗೆ ಮಾಡಿಲ್ಲ. ಕಾಗದ ಬದಲಾದ್ಮೇಲೆ ಏನಾಗುತ್ತೆ ನೋಡಿ. ಧಣಿ, ತಂಗಿ, ಮಗಳು, ಎಲ್ರೂ ಇವನ ಸುತ್ತಾನೇ ನಿಂತ್ಕೊತಾರೆ. ಯಾರಿಗೆ ಕೊಟ್ಟೆ, ಯಾವಾಗ ಕೊಟ್ಟೆ, ಏನಂದ್ರು ಅಂತ ಕೇಳ್ತಾರೆ. ಇಡೀ ನಾಟಕದಲ್ಲಿ ಇವನನ್ನ ಒಬ್ರು ಒಂದು ಪ್ರಶ್ನೆ ಕೇಳೋದು ಅಲ್ಲೇ. ಅದಕ್ಕೇ ಮಾಡಿದಾನೆ. ಕೇಳ್ಲಿ ಅಂತ."

ನನ್ನ ಗಂಡ ಬಾಗಿಲಿನಿಂದಲೇ, "ಸರಿಯಾಗೇ ಇದೆಯಲ್ಲೇ," ಎಂದರು. ನಾನು ಅವರನ್ನು ದುರುಗುಟ್ಟಿಕೊಂಡು ನೋಡಿ, ಮೂರನೆಯ ಅಂಕ ಶುರು ಮಾಡಿ ಎಂದೆ. ಅಟೆಂಡರಿಗೆ, "ಏನಾದ್ರೂ ಅಂದ್ಕೋ, ಆದ್ರೆ ಸ್ಟೇಜ್ ಮೇಲೆ ನಾನು ಹೇಳ್ಕೊಟ್ಟ ಹಾಗೇ ಮಾಡ್ಬೇಕು. ಕಾಗದ ತಲೆಕೆಳಗಾಗಿ ಹಿಡ್ಕೊಂಡು ಪೆಚ್ಚು ಮುಖ ಹಾಕು. ಜನ ನಗಬೇಕು," ಎಂದು ಕಟ್ಟಪ್ಪಣೆ ಮಾಡಿದೆ. ಆತ ತಲೆಯಾಡಿಸಿದ.

ನಾಟಕ ವಿಜಯನಗರದ ಒಂದು ಶಾಲೆಯ ಮೈದಾನದಲ್ಲಿ. ಸಂಜೆ ಆರಕ್ಕೆ ಭಾಷಣಗಳು ಶುರುವಾಗಿ ಆರೂಮುಕ್ಕಾಲಿಗೆ ಪರದೆ ಎದ್ದಿತು. ಮುಂದಿನ ಸಾಲಿನಲ್ಲಿ ಸಾಹೇಬರುಗಳು, ನಡುವೆ ಗುಮಾಸ್ತರ ಸಂಸಾರಗಳು, ಹಿಂದೆ ಬೇರೆ ಬೇರೆ ಕಚೇರಿಗಳ ಅಟೆಂಡರುಗಳು, ಡ್ರೈವರುಗಳು, ಕಸ ಗುಡಿಸುವ ಹೆಂಗಸರು, ಕೆಲವರು ಕೂತು, ಕೆಲವರು ನಿಂತು. ಮೊದಲ ಎರಡು ಅಂಕ ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ನಡೆಯಿತು. ಧಣಿ ಮಾತು ಮರೆತಾಗಲೆಲ್ಲ ಸೀನಿದ. ಜನ ಅದಕ್ಕೂ ನಕ್ಕರು.

ಮೂರನೆಯ ಅಂಕ. ಆಳು ಒಬ್ಬನೇ ರಂಗದ ಮೇಲೆ, ಕೈಯಲ್ಲಿ ಎರಡು ಲಕೋಟೆ. ನಾನು ಪಕ್ಕದ ಪರದೆಯ ಹಿಂದಿದ್ದೆ. ತಲೆಕೆಳಗಾಗಿ ಹಿಡಿಯಬೇಕಿದ್ದ ಲಕೋಟೆಯನ್ನು ಆತ ನೆಟ್ಟಗೆ ಹಿಡಿದ. ಅದರ ಮೇಲಿನ ವಿಳಾಸವನ್ನು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದ. ಇನ್ನೊಂದನ್ನೂ ಓದಿದ. ಪ್ರತಿಯಲ್ಲಿ ಆ ಮಾತು ಇರಲೇ ಇಲ್ಲ. ಆಮೇಲೆ ಆತ ಎರಡೂ ಲಕೋಟೆಗಳನ್ನು ಎರಡು ಜೇಬಿಗೆ ಹಾಕಿಕೊಂಡ, ವ್ಯಾಪಾರಿಯದು ಬಲಕ್ಕೆ, ಮೇಷ್ಟರದು ಎಡಕ್ಕೆ. ಧಣಿಯ ಕೋಣೆಯ ಬಾಗಿಲ ಕಡೆ ನೋಡಿದ. ನೋಡುತ್ತಲೇ ನಿಂತ. ಎಷ್ಟು ಹೊತ್ತೋ ನಿಂತು, ನಿಧಾನವಾಗಿ ಆ ಜೇಬಿನದನ್ನು ಈ ಜೇಬಿಗೆ, ಈ ಜೇಬಿನದನ್ನು ಆ ಜೇಬಿಗೆ ಹಾಕಿಕೊಂಡ. ಹೆಗಲ ಮೇಲಿನ ಟವೆಲ್ ಕೊಡವಿ ಹೊರಟ.

ನಗು ಬರಲಿಲ್ಲ. ಹಿಂದಿನಿಂದ ಒಂದು ಸಿಳ್ಳೆ ಬಂತು. ಆಮೇಲೆ ಚಪ್ಪಾಳೆ. ಅದು ಮುಂದಿನ ಸಾಲಿಗೆ ತಲುಪಲು ತುಸು ಸಮಯ ಹಿಡಿಯಿತು.

ನಾಲ್ಕನೆಯ ಅಂಕದಲ್ಲಿ ಮನೆಯವರೆಲ್ಲ ಆಳನ್ನು ಸುತ್ತುವರಿದು ಪ್ರಶ್ನೆ ಕೇಳುವಾಗ ಆತ ಒಂದೊಂದು ಉತ್ತರವನ್ನೂ ಬಾಯಲ್ಲಿ ಚಪ್ಪರಿಸಿ ಚಪ್ಪರಿಸಿ ಹೇಳಿದ. ಧಣಿ "ಬೇಗ ಹೇಳೋ!" ಎಂದಷ್ಟೂ ಆತ ಇನ್ನೂ ನಿಧಾನ. ಅಲ್ಲಿ ಜನ ನಕ್ಕ ನಗು ಕೇಳಿ ನನಗೇ ಗಾಬರಿಯಾಯಿತು.

ಪರದೆ ಬಿದ್ದ ಮೇಲೆ ಒಬ್ಬ ಸಾಹೇಬರು ಬಂದು ನನ್ನ ಕೈಕುಲುಕಿದರು. "ಆ ಕಾಗದದ ದೃಶ್ಯ, ವಾಹ್! ಏನು ನಿರ್ದೇಶನ ಅಮ್ಮ ನಿಮ್ಮದು!" ನಾನು ನಗಬೇಕಾಯಿತು. ನನ್ನ ಮಾತು ಮೀರಿದವನ ಮೇಲೆ ಸಿಟ್ಟು ಒಂದು ಕಡೆ, ಆತನಿಗೆ ಸಲ್ಲಬೇಕಾದ ಹೊಗಳಿಕೆಯನ್ನು ನಾನು ನುಂಗಿದ್ದೇನಲ್ಲ ಎಂಬ ಮುಜುಗರ ಇನ್ನೊಂದು ಕಡೆ. ಎರಡೂ ಸೇರಿ ಸಿಟ್ಟೇ ಹೆಚ್ಚಾಯಿತು. ಬೈಯೋಣವೆಂದು ಹುಡುಕಿದರೆ ಆತ ಆಗಲೇ ಬಣ್ಣ ಒರೆಸಿಕೊಂಡು ಕೆಂಗೇರಿ ಬಸ್ಸಿಗೆ ಓಡಿದ್ದ.

ಮರುದಿನ ಕಚೇರಿಗೆ ಹೋಗುವ ಬಸ್ಸಿನಲ್ಲಿ ನನಗೆ ಥಟ್ಟನೆ ಹೊಳೆಯಿತು. ಅದಲುಬದಲಾದ ಕಡತ. ಬೆಂಚಿನ ಮೇಲೆ ಕಾದ ಅಧಿಕಾರಿ. ಮಲಗಿ ಎದ್ದ ಟಪಾಲು. ಇವನೂ ಬೇಕೆಂದೇ ಮಾಡಿದ್ದಾನೆಯೇ? ಹೋದವಳೇ ಆತನನ್ನು ಕರೆಸಿ ಬಾಗಿಲು ಮುಂದೆ ಮಾಡಿದೆ. ಒಂದೊಂದನ್ನೂ ಬೆರಳು ಮಡಿಸಿ ಲೆಕ್ಕ ಹೇಳಿದೆ. "ಇದೆಲ್ಲ ನೀನು ಬೇಕು ಅಂತಾನೇ ಮಾಡಿದ್ದಾ?"

ಆತ ಸ್ವಲ್ಪ ಯೋಚಿಸಿದ. "ಮೂರು ನಾನು ಮಾಡಿದ್ದು ಮೇಡಂ. ಕಡತದ್ದು, ಆಫೀಸರ್ನ ಕೂರಿಸಿದ್ದು, ಟಪಾಲಿಂದು. ಮಿಕ್ಕಿದ್ದು ನಿಮ್ಮದೇ. ಆಹ್ವಾನ ಪತ್ರಿಕೆ ಮೇಲೆ ವಿಳಾಸ ನೀವೇ ಬರೆದ್ರಿ. ಬೀರು ಕೀಲಿ ನಿಮ್ಮ ವ್ಯಾನಿಟಿ ಬ್ಯಾಗಿನ ಹರಿದ ಜೇಬಲ್ಲಿದೆ, ಅವತ್ತೇ ಶಬ್ದ ಕೇಳ್ತಿತ್ತು."

ಬ್ಯಾಗು ಕೊಡವಿದೆ. ಕೀಲಿ ಬಿತ್ತು. ನನ್ನ ಮುಖ ಹೇಗಾಗಿರಬೇಕೋ.

"ನಿನ್ನ ಮೇಲೆ ಮೆಮೊ ಕೊಡಬಹುದು ನಾನು, ಗೊತ್ತಾ? ನನ್ನ ಮೇಲೆ ನಿನಗೇನು ದ್ವೇಷ?"

"ದ್ವೇಷ ಇಲ್ಲ ಮೇಡಂ. ಬೇಜಾರು. ಕೂಗಾಡಿದ್ಮೇಲೆ ನೀವು ಯಾಕೋ ಹಿಂಗೆ ಮಾಡ್ತಿದೀಯ, ಏನು ನಿನ್ನ ಕಷ್ಟ ಅಂತ ಒಂದ್ಸಲ ಕೇಳ್ತೀರಿ ಅಂದ್ಕೊಂಡೆ. ನೀವು ಕೂಗಾಡಿದ್ರಿ. ಕೇಳ್ಲಿಲ್ಲ."

"ಈಗ ಕೇಳ್ತಿದೀನಿ. ಏನು?"

"ಎಡಗಡೆ ಎರಡನೇ ಡ್ರಾಯರ್ ಮೇಡಂ. ತಳದಲ್ಲಿ."

ಎಳೆದೆ. ಹಳೆಯ ಸುತ್ತೋಲೆಗಳ ಕೆಳಗೆ, ತಲುಪಿದೆ ಎಂದು ನನ್ನದೇ ಸಹಿ ಇದ್ದ ಆತನ ಒಂದು ಅರ್ಜಿ. ಆತ ಮನೆಯಲ್ಲೇ ಓದಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಖಾಸಗಿಯಾಗಿ ಕಟ್ಟಿ, ಎರಡನೆಯ ಸಲಕ್ಕೆ ಪಾಸಾಗಿದ್ದ. ಗುಮಾಸ್ತನ ಹುದ್ದೆಗೆ ಬಡ್ತಿ ಕೋರಿ ಬರೆದುಕೊಂಡಿದ್ದ. ಶಿಫಾರಸು ಬರೆದು ಮೇಲಕ್ಕೆ ಕಳಿಸಬೇಕಾದವಳು ನಾನು. ಸಂಕ್ರಾಂತಿಯ ಸುಮಾರಿಗೆ ಕೊಟ್ಟದ್ದು. "ನೋಡ್ತೀನಿ" ಎಂದು ಡ್ರಾಯರಿಗೆ ಹಾಕಿದ್ದು ನನಗೆ ಮಸುಕುಮಸುಕಾಗಿ ನೆನಪಾಯಿತು. ಆ ವರ್ಷದ ಬಡ್ತಿ ಪಟ್ಟಿ ಮಳೆಗಾಲಕ್ಕೆ ಮುಂಚೆಯೇ ಹೊರಬಿದ್ದಾಗಿತ್ತು. ಆತನಿಗಿಂತ ಕಿರಿಯರಿಬ್ಬರು ಅದರಲ್ಲಿದ್ದರು.

"ಡ್ರಾಯರಲ್ಲಿದೆ ಅಂತ ಗೊತ್ತಿತ್ತಲ್ಲ. ನೀನೇ ತೆಗೆದು ಮುಂದಿಡಬಹುದಿತ್ತಲ್ಲ!" ಎಂದು ಗದರಿದೆ. ತಪ್ಪು ನನ್ನದೆಂದು ತಿಳಿದಾಗ ಇನ್ನೊಬ್ಬರ ಮೇಲೆ ರೇಗುವ ಚಾಳಿ ನನಗೆ ಮೊದಲಿನಿಂದಲೂ ಇದೆ.

"ಮೇಡಂ ಡ್ರಾಯರಿಗೆ ಅಟೆಂಡರ್ ಕೈ ಹಾಕಿದ ಅಂತ ಆಗಲ್ವಾ? ಅದಕ್ಕೇ ಬಾಯಲ್ಲಿ ಹೇಳೋಣ ಅಂತ ಬಂದೆ. ನೀವು ಸಾಯಂಕಾಲ ಅಂದ್ರಿ. ಸಾಯಂಕಾಲ ಎಲ್ಲರ ಮುಂದೆ ಹೆಂಗೆ ಹೇಳೋದು? ನಾಪಾಸಾದ ಸಲ ಅವರೆಲ್ಲ ನಕ್ಕಿದ್ರು."

ನನಗೆ ತಲೆ ಎತ್ತಲಾಗಲಿಲ್ಲ. ಎದುರಿನ ಕುರ್ಚಿ ತೋರಿಸಿ, "ನೀವು ಕೂತ್ಕೊಳ್ಳಿ," ಎಂದೆ.

ಆತ ಗಾಬರಿಯಾದ. "ಬೇಡ ಮೇಡಂ. ಈ ನೀವು ಗೀವು ಎಲ್ಲ ಹೊಸದಾಗಿ ಶುರು ಮಾಡ್ಬೇಡಿ. ಹೊರಗಡೆ ಕೇಳಿಸ್ಕೊಂಡವರು ಏನೋ ಆಗಿದೆ ಅಂದ್ಕೊತಾರೆ. ಅರ್ಜಿ ಕಳ್ಸಿ ಸಾಕು."

ಅವತ್ತೇ ಶಿಫಾರಸು ಬರೆದೆ. ತಡವಾದದ್ದು ನನ್ನಿಂದ ಎಂದೂ ಬರೆದೆ. ಟಪಾಲಿಗೆ ಹಾಕದೆ ನಾನೇ ಆಟೋ ಹಿಡಿದು ಮೇಲಿನ ಕಚೇರಿಗೆ ಹೋದೆ. ಅಲ್ಲಿ ನನ್ನ ಕೈಕುಲುಕಿದ್ದ ಅದೇ ಸಾಹೇಬರು ಅರ್ಜಿ ನೋಡಿ, "ಯಾರಿದು?" ಎಂದರು. ನಿಮಗೆ ಮೆಚ್ಚಿಗೆಯಾದ ಆಳು ಎಂದೆ. ಆ ದೃಶ್ಯ ನನ್ನ ನಿರ್ದೇಶನವಲ್ಲ, ನಾನು ಬೇಡ ಎಂದದ್ದನ್ನು ಆತ ಮಾಡಿದ್ದು ಎಂದೂ ಹೇಳಿದೆ. ಅವರು ನಕ್ಕರು, ಆದರೆ ಮುಗಿದ ಪಟ್ಟಿಗೆ ಹೆಸರು ಸೇರಿಸಲು ಬರುವುದಿಲ್ಲ ಎಂದರು. ಎರಡು ವಾರ ನಾನು ಆ ಮೆಟ್ಟಿಲು ಹತ್ತಿ ಇಳಿದೆ. ಹೊರಗಿನ ಬೆಂಚಿನ ಮೇಲೆ ಕಾದು ಕಾದು ಬೆನ್ನು ನೋವು ಬಂತು. ಏನೂ ಆಗಲಿಲ್ಲ. ಆತನ ಒಂದು ವರ್ಷ ನನ್ನ ಡ್ರಾಯರಿನಲ್ಲಿ ಹೋದದ್ದು ಹೋದದ್ದೇ. ಮುಂದಿನ ವರ್ಷದ ಪಟ್ಟಿಯಲ್ಲಿ ಹೆಸರು ಬಂತು. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಗುಮಾಸ್ತನಾಗಿ ಕೂತ. ಆಗ ನಾನು 'ನೀವು' ಎಂದೆ. ಆಗ ಅವರು ಬೇಡ ಎನ್ನಲಿಲ್ಲ.

ಇಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆ ನವೆಂಬರಿನಲ್ಲಿ ಕೆಂಗೇರಿ ಉಪನಗರದ ನಿವಾಸಿಗಳ ಸಂಘದವರು ಬಂದು, ಹೋದ ಸಲದ ನಾಟಕವನ್ನೇ ತಮ್ಮಲ್ಲಿ ಆಡಬೇಕೆಂದು ಕೇಳಿದರು. ನಾನು ಖುಷಿಯಿಂದ ಮೇಲಿನ ಮಹಡಿಗೆ ಹೋಗಿ ಸುದ್ದಿ ಹೇಳಿದೆ.

"ಆಗಲಿ ಮೇಡಂ," ಎಂದರು ಅವರು, ಪೆನ್ನಿನ ಮುಚ್ಚಳ ಹಾಕುತ್ತಾ. "ಆದ್ರೆ ನಾನು ಈ ಸಲ ಧಣಿ ಮಾಡ್ತೀನಿ."

ಎಷ್ಟು ಹೇಳಿದರೂ ಕೇಳಲಿಲ್ಲ. ಕೆಂಗೇರಿಯಲ್ಲಿ ಹೆಂಡತಿ, ನಾದಿನಿ, ಬೀಗರು ಎಲ್ಲ ನೋಡಲು ಬರುತ್ತಾರೆ; ಮೊಣಕಾಲ ಮೇಲೆ ಪಂಚೆ ಕಟ್ಟಿಕೊಂಡು ಬರಲಾಗದು. ಹಿಂದಿನ ವರ್ಷ ಇನ್ನೊಬ್ಬರ ಬಾಯಲ್ಲಿ ಕೇಳಿದ ಅದೇ ಮಾತು. ಧಣಿಗೆ ಮಾತು ಹೆಚ್ಚು. ಆಳಿನ ಮಾತನ್ನು ಮೂರು ದಿನದಲ್ಲಿ ಕಲಿತಿದ್ದವರಿಗೆ ಧಣಿಯ ಮಾತು ಮೂರು ವಾರಕ್ಕೂ ಬರಲಿಲ್ಲ. ಬೆಳಿಗ್ಗೆ ಬೇರೆ ಹೇಳುವರು, ಸಂಜೆ ಬೇರೆ. ಧಣಿಯ ಮನಸ್ಸಿನಲ್ಲೇನಿದೆ ಎಂದು ನಾನೇ ವಿವರಿಸಲು ಹೋದರೆ, "ಅವನಿಗೆ ಅದೆಲ್ಲ ಬೇಡ ಮೇಡಂ, ಗಟ್ಟಿಯಾಗಿ ಮಾತಾಡಿದ್ರೆ ಸಾಕು," ಎನ್ನುವರು. ಅವರ ಗಮನವೆಲ್ಲ ಉಡುಪಿನ ಮೇಲೆ. ಧಣಿಗೆ ಜರಿ ಅಂಚಿನ ಶಾಲು ಬೇಕೆಂದು ಪಟ್ಟು ಹಿಡಿದು, ಬಾಡಿಗೆ ಅಂಗಡಿಯ ಶಾಲು ಮಾಸಿದೆ ಎಂದು ಹಿಂತಿರುಗಿಸಿ, ಕೊನೆಗೆ ನನ್ನ ಮಾವನವರ ಸನ್ಮಾನದ ಶಾಲನ್ನೇ ಟ್ರಂಕಿನಿಂದ ತೆಗೆಸಿದರು. ಆಳಿನ ಪಾತ್ರಕ್ಕೆ ಬಂದ ಡ್ರೈವರ್ ಪಾಪ, ಕಾಗದವನ್ನು ತಲೆಕೆಳಗಾಗಿ ಹಿಡಿದು ಪೆಚ್ಚು ಮುಖ ಹಾಕುವುದನ್ನು ತಾನಾಗಿಯೇ ಕಲಿತುಕೊಂಡ. ಅವನಿಗೆ ಬೇರೆ ಏನಾದರೂ ಹೇಳಿಕೊಡಿ ಎಂದು ನಾನು ಹೊಸ ಧಣಿಯನ್ನೇ ಕೇಳಿದೆ. "ಅಯ್ಯೋ, ಹಿಂಗೇ ಇರ್ಲಿ ಬಿಡಿ, ಜನ ನಗ್ತಾರೆ," ಎಂದರು.

ನಾಟಕದ ಸಂಜೆ ಅವರು ಎರಡನೆಯ ಅಂಕದ ಮಾತುಗಳನ್ನು ಮೊದಲ ಅಂಕದಲ್ಲೇ ಹೇಳಿ ಮುಗಿಸಿದರು. ಪರದೆಯ ಹಿಂದಿನಿಂದ ಮಾತು ಎತ್ತಿಕೊಟ್ಟು ಎತ್ತಿಕೊಟ್ಟು ನನ್ನ ಗಂಟಲು ಹೋಯಿತು. ಆದರೂ ಊರಿನವರು ತಮ್ಮವನೆಂದು ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಅವರ ಹೆಂಡತಿ, ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯಲ್ಲಿ ಕೂತಿದ್ದಾಕೆ, ಹಿಂದಕ್ಕೆ ಬಂದು ನನ್ನ ಕೈ ಹಿಡಿದುಕೊಂಡು ಮೆಲ್ಲಗೆ, "ಹೋದ್ ವರ್ಷ ನಾನೂ ಹಿಂದೆ ನಿಂತು ನೋಡಿದ್ದೆ, ಅದೇ ಚೆಂದಾಗಿತ್ತು ಕಣಮ್ಮ. ಅವ್ರಿಗೆ ಹೇಳ್ಬೇಡಿ, ತುಂಬಾ ಆಸೆ ಪಟ್ಟಿದ್ರು," ಎಂದರು.

ಅಷ್ಟರಲ್ಲಿ ಅವರೇ ಬಂದರು, ಮುಖದ ಬಣ್ಣ ಕೂಡ ಒರೆಸದೆ, ಬೆವರುತ್ತಾ. "ಹೆಂಗಿತ್ತು ಮೇಡಂ?"

ನಾನು ಅವರ ಹೆಂಡತಿಯ ಮುಖ ನೋಡಿದೆ.

"ಶಾಲು ನಿಮಗೆ ಚೆನ್ನಾಗಿ ಒಪ್ಪಿತ್ತು," ಎಂದೆ. ಅವರಿಗೆ ಅಷ್ಟೇ ಸಾಕಾಗಿತ್ತು. ಹೆಗಲು ಸರಿಮಾಡಿಕೊಂಡು, ಫೋಟೋ ತೆಗೆಸಿಕೊಳ್ಳಲು ಬೀಗರ ಕಡೆಗೆ ನಡೆದರು.